ನೂರಾರು ಜನರಿಗೆ ಈಮೇಲ್ ಕಳಿಸಬೇಕಾ? ಸ್ಪ್ಯಾಮ್‌ಗೆ ಬೀಳದಂತೆ ಕಳಿಸುವ ದಾರಿ ಇಲ್ಲಿದೆ

"ಮೇಲ್ ಕಳಿಸಿದೆವು, ಒಬ್ಬರೂ ನೋಡಿಲ್ಲ. ಫೋನ್ ಮಾಡಿ ಕೇಳಿದರೆ ಸ್ಪ್ಯಾಮ್‌ನಲ್ಲಿ ಬಿದ್ದಿದೆ ಅಂತಾರೆ. ಏನು ಮಾಡೋದು?" ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಕೇಳುವವರು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸಿ ಬೇರೆ ಊರಿನ ಅಂಗಡಿಗಳಿಗೆ ಕಳಿಸುವವರು, ಗಂಗಾವತಿಯ ಅಕ್ಕಿ ವ್ಯಾಪಾರಿಗಳು, ಕಿನ್ನಾಳದ ಗೊಂಬೆಗಳನ್ನು ದೂರದ ಗಿರಾಕಿಗಳಿಗೆ ಮಾರುವವರು. ರಾಯಚೂರಿನಲ್ಲಿ ಓದಿ ಊರು ಬಿಟ್ಟವರನ್ನೆಲ್ಲ ಒಂದು ದಿನ ಸೇರಿಸಬೇಕು ಅಂತ ಓಡಾಡುವ ಹಳೆಯ ವಿದ್ಯಾರ್ಥಿಗಳೂ ಕೇಳುತ್ತಾರೆ. ಇವರಲ್ಲಿ ಯಾರೂ ಮೋಸ ಮಾಡುವವರಲ್ಲ. ಆದರೂ ಇವರ ಮೇಲ್, ಲಾಟರಿ ಗೆದ್ದಿದ್ದೀರಿ ಅನ್ನೋ ಮೇಲ್‌ಗಳ ಪಕ್ಕ ಹೋಗಿ ಕೂರುತ್ತದೆ.

ಬಹಳ ಜನ ಕೇಳುವುದು ಉಪಾಯಗಳನ್ನು. ಯಾವ ಪದ ಬಳಸಬಾರದು, ಯಾವ ಹೊತ್ತಿಗೆ ಕಳಿಸಬೇಕು, ಹೀಗೆ. ಅವೆಲ್ಲ ಆಮೇಲಿನ ಮಾತು. ಜಿಮೇಲ್, ಯಾಹೂ, ಔಟ್‌ಲುಕ್ ಮುಖ್ಯವಾಗಿ ಎರಡು ಪ್ರಶ್ನೆ ಕೇಳುತ್ತವೆ. ಕಳಿಸಿದವರು ನಿಜವಾಗಿ ಅವರೇನಾ? ಪಡೆದವರಿಗೆ ಈ ಮೇಲ್ ಬೇಕಿತ್ತಾ? ಮೊದಲನೆಯದಕ್ಕೆ ಒಂದು ಮಧ್ಯಾಹ್ನದ ಕೆಲಸ ಸಾಕು. ಎರಡನೆಯದಕ್ಕೆ ವರ್ಷವಿಡೀ ನಿಮ್ಮ ಪಟ್ಟಿಯನ್ನು ಅಕ್ಕಿ ಕೇರಿದ ಹಾಗೆ ಕೇರುತ್ತಿರಬೇಕು. ಎರಡನೆಯದನ್ನೇ ಜನ ಬಿಡುತ್ತಾರೆ, ಅಲ್ಲೇ ಸಿಕ್ಕಿಬೀಳುತ್ತಾರೆ.

ಬೇಕಾಗುವುದು ಇಷ್ಟು: ನಿಮ್ಮದೇ ಒಂದು ಡೊಮೇನ್, ಅಂದರೆ ಇಂಟರ್ನೆಟ್‌ನಲ್ಲಿ ನಿಮ್ಮ ಹೆಸರಿನ ವಿಳಾಸ. ಒಟ್ಟಿಗೆ ಮೇಲ್ ಕಳಿಸಿಕೊಡುವ ಒಂದು ಸೇವೆ. ಎಕ್ಸೆಲ್‌ನಲ್ಲಿ ಒಂದು ಪಟ್ಟಿ. ಜೊತೆಗೆ ಮೂರು ವಾರದ ಸಮಯ. ನಾಡಿದ್ದು ಕಾರ್ಯಕ್ರಮ ಇಟ್ಟುಕೊಂಡು ಇವತ್ತು ಶುರು ಮಾಡಿದರೆ ಆಗುವುದಿಲ್ಲ.

1. ಪಟ್ಟಿಯಲ್ಲಿ ಯಾರಿದ್ದಾರೆ, ಯಾಕಿದ್ದಾರೆ ನೋಡಿ

ಎಕ್ಸೆಲ್ ತೆಗೆದು ಈ ಕಾಲಂಗಳನ್ನು ಮಾಡಿ: ಹೆಸರು, ಈಮೇಲ್, ಎಲ್ಲಿ ಸಿಕ್ಕಿತು, ಯಾವಾಗ ಸಿಕ್ಕಿತು, ಏನು ಕಳಿಸಲು ಒಪ್ಪಿದರು, ಕೊನೆಯ ಸಲ ಯಾವಾಗ ಉತ್ತರಿಸಿದರು ಅಥವಾ ವ್ಯವಹಾರ ಮಾಡಿದರು. ಒಂದೊಂದು ಸಾಲನ್ನೂ ತುಂಬುತ್ತಾ ಬನ್ನಿ. "ಎಲ್ಲಿ ಸಿಕ್ಕಿತು" ಅನ್ನೋ ಕಾಲಂ ಖಾಲಿ ಉಳಿದ ವಿಳಾಸ ನಿಮ್ಮದಲ್ಲ, ತೆಗೆದುಹಾಕಿ.

ಲಗ್ನಪತ್ರಿಕೆ ಕೊಡುವಾಗ ನಾವು ಹೆಸರು ಬರೆದು, ಮನೆಗೆ ಹೋಗಿ, ಕೈಗೆ ಕೊಟ್ಟು ಬರುತ್ತೇವೆ. ಗುರುತಿಲ್ಲದ ಮನೆಯ ಬಾಗಿಲ ಸಂದಿಯಲ್ಲಿ ತೂರಿ ಬರುವುದಿಲ್ಲ, ಅಲ್ವಾ? ಮೇಲ್ ಕೂಡ ಹಾಗೇ. ಬಿಲ್ ಮಾಡುವಾಗ ಗಿರಾಕಿ ಈಮೇಲ್ ಕೊಟ್ಟರು ಅಂದರೆ ಬಿಲ್ ಕಳಿಸಲು ಕೊಟ್ಟರು. ಪ್ರತಿ ವಾರ ಹೊಸ ಮಾಲಿನ ಫೋಟೋ ಕಳಿಸಲು ಕೊಟ್ಟಿದ್ದಲ್ಲ. ಅದಕ್ಕೆ ಬೇರೆಯಾಗಿ ಕೇಳಬೇಕು. "ತಿಂಗಳಿಗೊಮ್ಮೆ ದರಪಟ್ಟಿಯನ್ನು ಈಮೇಲ್‌ನಲ್ಲಿ ಕಳಿಸಬಹುದಾ?" ಅಂತ ವಾಟ್ಸಾಪ್‌ನಲ್ಲೋ ಅಂಗಡಿಯಲ್ಲೋ ಕೇಳಿದರೆ ಸಾಕು. ಹೌದು ಅಂದ ದಿನಾಂಕ ಬರೆದಿಟ್ಟುಕೊಳ್ಳಿ.

ಇದು ಬರೀ ಸೌಜನ್ಯದ ಮಾತಲ್ಲ. ನಮ್ಮ ದೇಶದ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ 2023ರಲ್ಲಿ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಹಂತ ಹಂತವಾಗಿ ಜಾರಿಗೆ ಬರುತ್ತವೆ. ಯಾವ ಕೆಲಸಕ್ಕೆ ಅಂತ ಸ್ಪಷ್ಟವಾಗಿ ತಿಳಿಸಿ ಒಪ್ಪಿಗೆ ಪಡೆಯಬೇಕು, ಕೊಟ್ಟಷ್ಟೇ ಸುಲಭವಾಗಿ ಆ ಒಪ್ಪಿಗೆಯನ್ನು ವಾಪಸ್ ತೆಗೆದುಕೊಳ್ಳಲು ಆಗಬೇಕು ಅನ್ನುತ್ತದೆ ಈ ಕಾಯ್ದೆ. ಪಟ್ಟಿಯನ್ನು ಈಗಲೇ ಸರಿಮಾಡಿಕೊಂಡರೆ ಮುಂದೆ ಓಡಾಟ ತಪ್ಪುತ್ತದೆ. ಅಂದಹಾಗೆ, ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ ಡಿಎನ್‌ಡಿ ನಿಯಮ (ಪ್ರಚಾರ ಬೇಡ ಅಂದವರನ್ನು ಕಾಡಬಾರದು ಅನ್ನುವುದು) ಕರೆ ಮತ್ತು ಎಸ್‌ಎಂಎಸ್‌ಗೆ ಸಂಬಂಧಿಸಿದ್ದು. ಈಮೇಲ್‌ಗೂ ಅದೇ ಅಂತ ಕೆಲವರು ಅಂದುಕೊಂಡಿದ್ದಾರೆ, ಅಲ್ಲ.

ಇಲ್ಲಿ ಮೂರು ಗುಂಡಿಗಳಿವೆ. ನೋಡಿ ನಡೆಯಿರಿ.

ಮೊದಲನೆಯದು, ಕೊಂಡ ಪಟ್ಟಿ. "ಹತ್ತು ಲಕ್ಷ ವ್ಯಾಪಾರಿಗಳ ಈಮೇಲ್, ಅಗ್ಗದ ದರ" ಅಂತ ನಿಮಗೂ ಮೆಸೇಜ್ ಬಂದಿರಬಹುದು. ದಯವಿಟ್ಟು ಕೊಳ್ಳಬೇಡಿ. ಅದರಲ್ಲಿರುವ ಯಾರೂ ನಿಮಗೆ ಒಪ್ಪಿಗೆ ಕೊಟ್ಟಿಲ್ಲ. ಅದಕ್ಕಿಂತ ಅಪಾಯ ಅಂದರೆ ಅಂಥ ಪಟ್ಟಿಗಳಲ್ಲಿ ಸ್ಪ್ಯಾಮ್ ಟ್ರ್ಯಾಪ್ ಇರುತ್ತವೆ. ಇವು ಯಾವ ಮನುಷ್ಯರೂ ಬಳಸದ, ಸ್ಪ್ಯಾಮ್ ಕಳಿಸುವವರನ್ನು ಹಿಡಿಯಲೆಂದೇ ಬಿಟ್ಟ ವಿಳಾಸಗಳು. ಅಲ್ಲಿಗೆ ಮೇಲ್ ಹೋಯಿತು ಅಂದರೆ ನೀವು ಕೇಳದೆ ಕಳಿಸಿದ್ದೀರಿ ಅಂತ ಗೊತ್ತಾಗಿಬಿಡುತ್ತದೆ. 1998ರಿಂದ ಇರುವ ಸ್ಪ್ಯಾಮ್‌ಹೌಸ್‌ನಂಥ ಸಂಸ್ಥೆಗಳು ಅಂಥವರನ್ನು ಬ್ಲಾಕ್‌ಲಿಸ್ಟ್‌ಗೆ ಸೇರಿಸುತ್ತವೆ. ಆ ಪಟ್ಟಿಯನ್ನು ನೋಡಿ ಲೋಕದ ಎಷ್ಟೋ ಸರ್ವರ್‌ಗಳು, ಅಂದರೆ ಮೇಲ್ ಸಾಗಿಸುವ ಕಂಪ್ಯೂಟರ್‌ಗಳು, ನಿಮ್ಮ ಮೇಲನ್ನು ಬಾಗಿಲಲ್ಲೇ ತಡೆಯುತ್ತವೆ.

ಎರಡನೆಯದು, ಹಳೆಯ ಪಟ್ಟಿ. ಹಳೆಯ ವಿದ್ಯಾರ್ಥಿ ಸಂಘದವರು ಇಲ್ಲಿ ಎಡವುತ್ತಾರೆ. ಹತ್ತು ವರ್ಷದ ಹಿಂದಿನ ನೋಂದಣಿ ಪುಸ್ತಕ ಸಿಕ್ಕಿತು ಅಂತ ಎಲ್ಲರಿಗೂ ಕಳಿಸುತ್ತಾರೆ. ಎರಡು ವರ್ಷ ಮುಟ್ಟದ ಖಾತೆಗಳನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಅಳಿಸಲು ಶುರುಮಾಡಿದೆ. ಆ ಪುಸ್ತಕದ ಎಷ್ಟೋ ವಿಳಾಸ ಈಗ ಇರಲಿಕ್ಕಿಲ್ಲ. ಮೊದಲು ಬ್ಯಾಚ್‌ಗೊಬ್ಬರನ್ನು ಹಿಡಿದು, ಅವರ ವಾಟ್ಸಾಪ್ ಗುಂಪಿನಲ್ಲಿ ಕೇಳಿಸಿ, ಹೊಸ ವಿಳಾಸ ಪಡೆಯಿರಿ.

ಮೂರನೆಯದು, ಕೈಬರಹ. ಮಳಿಗೆಯಲ್ಲಿ ಪುಸ್ತಕ ಇಟ್ಟು ಬರೆಸಿಕೊಂಡರೆ ಒಂದು ಅಕ್ಷರ ಇನ್ನೊಂದರ ಹಾಗೆ ಕಾಣುತ್ತದೆ, "ಜಿಮೇಲ್" ಅನ್ನೋ ಪದದಲ್ಲೇ ಅಕ್ಷರ ಅದಲುಬದಲಾಗುತ್ತದೆ. ಅದಕ್ಕೇ ಕ್ಯೂಆರ್ ಕೋಡ್ ಇಟ್ಟು ಅವರ ಫೋನ್‌ನಿಂದ ಅವರೇ ಟೈಪ್ ಮಾಡುವ ಹಾಗೆ ಮಾಡಿ. ಆಮೇಲೆ ಅವರಿಗೆ ಒಂದು ಖಾತ್ರಿ ಮೇಲ್ ಹೋಗಲಿ. ಅದರಲ್ಲಿನ ಕೊಂಡಿ ಒತ್ತಿದವರನ್ನು ಮಾತ್ರ ಪಟ್ಟಿಗೆ ಸೇರಿಸಿ. ಇದಕ್ಕೆ ಡಬಲ್ ಆಪ್ಟ್-ಇನ್ ಅನ್ನುತ್ತಾರೆ, ಅಂದರೆ ಎರಡು ಸಲ ಹೌದು ಅನ್ನಿಸಿಕೊಳ್ಳುವುದು. ಪಟ್ಟಿ ಚಿಕ್ಕದಾಗುತ್ತದೆ ಅಂತ ಹೆದರಬೇಡಿ. ಓದುವ 400 ಜನ, ಓದದ 4000 ಜನರಿಗಿಂತ ಎಷ್ಟೋ ಮೇಲು.

2. ನಿಮ್ಮದೇ ಡೊಮೇನ್ ತೆಗೆದುಕೊಳ್ಳಿ

ಸಾಮಾನ್ಯ ಜಿಮೇಲ್ ಖಾತೆಯಿಂದ ದಿನಕ್ಕೆ 500 ಜನರಿಗಿಂತ ಜಾಸ್ತಿ ಕಳಿಸಲು ಆಗುವುದಿಲ್ಲ. ಮಿತಿ ದಾಟಿದರೆ 1ರಿಂದ 24 ಗಂಟೆ ಕಳಿಸುವುದೇ ನಿಲ್ಲುತ್ತದೆ. ಐವತ್ತು-ಅರವತ್ತು ಜನರ ಸಂಘಕ್ಕೆ ಜಿಮೇಲ್ ಸಾಕು. ಆಗ ಎಲ್ಲರ ವಿಳಾಸವನ್ನೂ "ಬಿಸಿಸಿ" ಜಾಗದಲ್ಲೇ ಹಾಕಿ. ಅಲ್ಲಿ ಹಾಕಿದರೆ ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣುವುದಿಲ್ಲ. ಒಂದು ಸಂಘದ ಆಹ್ವಾನವನ್ನು ನಾನೇ ಅವಸರದಲ್ಲಿ "ಸಿಸಿ"ಗೆ ಹಾಕಿ ಕಳಿಸಿದ್ದೆ. ಎರಡೇ ದಿನದಲ್ಲಿ ಸದಸ್ಯರೊಬ್ಬರು ಅದೇ ವಿಳಾಸಗಳಿಗೆಲ್ಲ ವಿಮೆ ಪಾಲಿಸಿ ಮಾರಲು ಮೇಲ್ ಕಳಿಸಿದರು. ಆ ತಪ್ಪಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿ ಕ್ಷಮೆ ಕೇಳಿದೆ.

ಅದಕ್ಕಿಂತ ದೊಡ್ಡ ಪಟ್ಟಿಗೆ ಸ್ವಂತ ಡೊಮೇನ್ ಬೇಕೇ ಬೇಕು. ಜಿಮೇಲ್ ವಿಳಾಸ ಇಟ್ಟುಕೊಂಡು ಬೇರೆ ಸೇವೆಯ ಮೂಲಕ ಕಳಿಸಬಹುದಲ್ಲ ಅಂತ ಕೇಳುತ್ತಾರೆ. ಬೇಡ. ಮೇಲ್ ಹೊರಟಿದ್ದು ಬೇರೆ ಕಡೆಯಿಂದ, ಮೇಲಿರುವ ಹೆಸರು ಜಿಮೇಲ್‌ನದು. ಇದು ಸೋಗು ಹಾಕಿದ ಹಾಗೆ ಕಾಣುತ್ತದೆ, ಹಾಗೆ ಮಾಡಬೇಡಿ ಅಂತ ಗೂಗಲ್ಲೇ ಹೇಳಿದೆ.

ಡಾಟ್ ಇನ್ ಡೊಮೇನ್ ಸಾಮಾನ್ಯವಾಗಿ ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುತ್ತದೆ. ನಿಮ್ಮ ಹೆಸರಿನಲ್ಲೇ, ನಿಮ್ಮ ಫೋನ್ ನಂಬರಿನಲ್ಲೇ ಕೊಳ್ಳಿ. ಮಾಡಿಕೊಡುವ ಹುಡುಗನ ಖಾತೆಯಲ್ಲಿ ಕೊಂಡು, ಆತ ಬೆಂಗಳೂರಿಗೆ ಕೆಲಸಕ್ಕೆ ಹೋದ ಮೇಲೆ ಪಾಸ್‌ವರ್ಡ್‌ಗಾಗಿ ಹುಡುಕಾಡಿದವರನ್ನು ನೋಡಿದ್ದೇನೆ.

3. ಕಳಿಸುವ ಸೇವೆ ಆರಿಸಿ

ಜೊಹೊ ಕ್ಯಾಂಪೇನ್ಸ್, ಬ್ರೆವೊ, ಮೇಲ್‌ಚಿಂಪ್, ಅಮೆಜಾನ್ ಎಸ್‌ಇಎಸ್ ಹೆಚ್ಚು ಬಳಕೆಯಲ್ಲಿರುವವು. ಬ್ರೆವೊದ ಉಚಿತ ಖಾತೆಯಲ್ಲಿ ದಿನಕ್ಕೆ 300 ಮೇಲ್ ಕಳಿಸಬಹುದು, ಚಿಕ್ಕ ವ್ಯಾಪಾರಕ್ಕೆ ಶುರುಮಾಡಲು ಅಷ್ಟು ಸಾಕು. ಅಮೆಜಾನ್‌ನದು ಬಹಳ ಅಗ್ಗ, 1000 ಮೇಲ್‌ಗೆ 10 ಸೆಂಟ್. ಆದರೆ ತಾಂತ್ರಿಕ ಕೆಲಸ ಗೊತ್ತಿರುವವರು ಜೊತೆಗಿದ್ದರೆ ಮಾತ್ರ ಅದಕ್ಕೆ ಕೈಹಾಕಿ.

4. ಮೂರು ದಾಖಲೆ ಹಾಕಿಸಿ

ಜನ ಹೆದರುವುದು ಇಲ್ಲೇ. ಹೆದರುವಂಥದ್ದೇನೂ ಇಲ್ಲ. ನಿಮ್ಮ ಡೊಮೇನ್‌ಗೆ ಡಿಎನ್‌ಎಸ್ ಅಂತ ಒಂದು ಪುಟ ಇರುತ್ತದೆ. ಡೊಮೇನ್ ಕೊಂಡ ಕಡೆ ಲಾಗಿನ್ ಆದರೆ ಸಿಗುತ್ತದೆ. ಲೋಕದ ಸರ್ವರ್‌ಗಳೆಲ್ಲ ನಿಮ್ಮ ಬಗ್ಗೆ ತಿಳಿಯಬೇಕಾದಾಗ ನೋಡುವ ನೋಟಿಸ್ ಬೋರ್ಡ್ ಅದು. ಅಲ್ಲಿ ಮೂರು ಸಾಲು ಅಂಟಿಸಬೇಕು. ಅಕ್ಕಿ ಗಿರಣಿಯ ಲೆಕ್ಕದಲ್ಲಿ ಹೇಳುತ್ತೇನೆ.

ಎಸ್‌ಪಿಎಫ್: ನಮ್ಮ ಮಾಲು ಈ ಲಾರಿಗಳಲ್ಲಿ ಮಾತ್ರ ಬರುತ್ತದೆ ಅಂತ ಲಾರಿ ನಂಬರ್ ಬರೆದುಕೊಟ್ಟ ಹಾಗೆ. ನಿಮ್ಮ ಹೆಸರಿನಲ್ಲಿ ಮೇಲ್ ಕಳಿಸಲು ಯಾವ ಸರ್ವರ್‌ಗಳಿಗೆ ಒಪ್ಪಿಗೆ ಇದೆ ಅನ್ನುವ ಪಟ್ಟಿ.

ಡಿಕಿಮ್: ಚೀಲದ ಬಾಯಿಗೆ ಹಾಕಿದ ಸೀಲು. ಮೇಲ್ ನಿಮ್ಮ ಕಡೆಯಿಂದಲೇ ಹೊರಟಿದೆ, ದಾರಿಯಲ್ಲಿ ಯಾರೂ ಬಿಚ್ಚಿ ಬದಲಿಸಿಲ್ಲ ಅಂತ ತೋರಿಸುವ ಗಣಿತದ ಸಹಿ. 2048 ಬಿಟ್‌ನ ಕೀ ಆಯ್ಕೆ ಇದ್ದರೆ ಅದನ್ನೇ ಆರಿಸಿ.

ಡಿಮಾರ್ಕ್: ಲಾರಿ ನಂಬರೂ ತಾಳೆಯಾಗಲಿಲ್ಲ, ಸೀಲೂ ತಾಳೆಯಾಗಲಿಲ್ಲ ಅಂದರೆ ಮಾಲನ್ನು ಏನು ಮಾಡಬೇಕು ಅಂತ ಗೋದಾಮಿನವರಿಗೆ ನೀವು ಕೊಡುವ ಸೂಚನೆ. ಸುಮ್ನೆ ಇಳಿಸಿಕೊಂಡು ವರದಿ ಕೊಡಿ, ಬದಿಗೆ ಇಡಿ, ವಾಪಸ್ ಕಳಿಸಿ, ಹೀಗೆ ಮೂರು ಹಂತ ಇದೆ. ಮೊದಲು "ನನ್" (none) ಅನ್ನುವ ಮೊದಲ ಹಂತದಲ್ಲೇ ಇಡಿ. ನಾಲ್ಕಾರು ವಾರ ವರದಿ ನೋಡಿ, ನಿಮ್ಮ ಮೇಲ್‌ಗಳೆಲ್ಲ ಪಾಸಾಗುತ್ತಿವೆ ಅಂತ ಖಾತ್ರಿಯಾದ ಮೇಲೆ "ಕ್ವಾರಂಟೈನ್"ಗೆ ಹೋಗಿ. ಮೊದಲ ದಿನವೇ "ರಿಜೆಕ್ಟ್" ಹಾಕಿ, ತಮ್ಮದೇ ಬಿಲ್ಲುಗಳು ಗಿರಾಕಿಗೆ ತಲುಪದೆ ಒದ್ದಾಡಿದವರಿದ್ದಾರೆ.

ಮೂರೂ ಸಾಲುಗಳ ಅಕ್ಷರಗಳನ್ನು ನೀವು ಆರಿಸಿದ ಸೇವೆಯೇ ಕೊಡುತ್ತದೆ. ಕಾಪಿ ಮಾಡಿ ಅಂಟಿಸಿ, ಕೈಯಿಂದ ಟೈಪ್ ಮಾಡಬೇಡಿ. ಆಗಾಗ ನೋಡುವ ತಪ್ಪುಗಳನ್ನು ಹೇಳಿಬಿಡುತ್ತೇನೆ. ಒಂದು ಡೊಮೇನ್‌ಗೆ ಒಂದೇ ಎಸ್‌ಪಿಎಫ್ ಸಾಲು ಇರಬೇಕು. ಮೊದಲೇ ಒಂದು ಇದ್ದರೆ ಇನ್ನೊಂದು ಸೇರಿಸಬೇಡಿ, ಇರುವ ಸಾಲಿನೊಳಗೇ ಹೊಸ ಸೇವೆಯ ಹೆಸರು ಸೇರಿಸಿ. ಎರಡು ಸಾಲಿದ್ದರೆ ಎರಡೂ ಕೆಲಸಕ್ಕೆ ಬರುವುದಿಲ್ಲ. ಆ ಸಾಲಿನಲ್ಲಿ ಸೇರಿಸಿದ ಒಂದೊಂದು ಸೇವೆಯ ಹೆಸರೂ ಸರ್ವರನ್ನು ಬೇರೆ ಕಡೆ ಹುಡುಕಲು ಕಳಿಸುತ್ತದೆ, ಆ ಹುಡುಕಾಟ ಒಟ್ಟು 10 ಸಲಕ್ಕೆ ಮೀರಬಾರದು. ಹಾಗಾಗಿ ಬಿಟ್ಟುಬಿಟ್ಟ ಹಳೆಯ ಸೇವೆಗಳ ಹೆಸರನ್ನು ತೆಗೆಯಿರಿ. ಡಿಕಿಮ್ ಹಾಕುವಾಗ, ಡೊಮೇನ್ ಮಾರುವ ಕೆಲವು ಕಂಪನಿಗಳ ಪುಟದಲ್ಲಿ ಡೊಮೇನ್ ಹೆಸರು ತಾನಾಗೇ ಕೊನೆಗೆ ಸೇರಿಕೊಳ್ಳುತ್ತದೆ. ನೀವೂ ಪೂರ್ತಿ ಹೆಸರು ಅಂಟಿಸಿದರೆ ಅದು ಎರಡೆರಡು ಸಲ ಬಂದು ದಾಖಲೆ ಸಿಗುವುದೇ ಇಲ್ಲ.

ಇದು ಬರೀ ಸಲಹೆಯಾಗಿ ಉಳಿದಿಲ್ಲ. ದಿನಕ್ಕೆ 5000ಕ್ಕಿಂತ ಜಾಸ್ತಿ ಮೇಲನ್ನು ಜಿಮೇಲ್ ವಿಳಾಸಗಳಿಗೆ ಕಳಿಸುವವರಿಗೆ 2024ರ ಫೆಬ್ರವರಿಯಿಂದ ಈ ಮೂರೂ ಕಡ್ಡಾಯ. ಯಾಹೂ ಕೂಡ ಆಗಲೇ ಇಂಥ ನಿಯಮ ತಂತು. ಔಟ್‌ಲುಕ್ 2025ರ ಮೇಯಿಂದ ಶುರುಮಾಡಿತು. ನಿಮ್ಮದು 500 ಜನರ ಪಟ್ಟಿಯಾದರೂ ಮೂರನ್ನೂ ಹಾಕಿಸಿ.

ಸರಿಯಾಗಿದೆಯಾ ಅಂತ ನೋಡಲು ಒಂದು ಮೇಲನ್ನು ನಿಮ್ಮದೇ ಜಿಮೇಲ್‌ಗೆ ಕಳಿಸಿ. ಕಂಪ್ಯೂಟರಿನಲ್ಲಿ ತೆರೆದು, ಬಲಗಡೆಯ ಮೂರು ಚುಕ್ಕೆ ಒತ್ತಿ, "ಶೋ ಒರಿಜಿನಲ್" ಆರಿಸಿ. ಮೂರರ ಮುಂದೆಯೂ "ಪಾಸ್" ಅಂತ ಇರಬೇಕು.

5. ಮೇಲ್ ಬರೆಯುವುದು

ನಮ್ಮ ಕಡೆಯ ದೊಡ್ಡ ಅಭ್ಯಾಸ ಒಂದಿದೆ. ಡಿಟಿಪಿ ಅಂಗಡಿಯಲ್ಲಿ ಚಂದದ ಆಹ್ವಾನ ಪತ್ರಿಕೆ ಮಾಡಿಸುತ್ತೇವೆ, ಅದರ ಜೆಪಿಜಿ ಫೋಟೋ ಒಂದನ್ನೇ ಮೇಲ್‌ನಲ್ಲಿ ಹಾಕಿ ಕಳಿಸುತ್ತೇವೆ. ಅಕ್ಷರ ಒಂದೂ ಇಲ್ಲ, ಬರೀ ಚಿತ್ರ. ಸ್ಪ್ಯಾಮ್ ಕಳಿಸುವವರೂ ತಮ್ಮ ಪದಗಳನ್ನು ಫಿಲ್ಟರ್ ಓದದಿರಲಿ ಅಂತ ಹೀಗೇ ಮಾಡುತ್ತಾರೆ. ಹಾಗಾಗಿ ಅನುಮಾನ ನಿಮ್ಮ ಮೇಲೂ ಬರುತ್ತದೆ. ವಿಷಯ, ದಿನ, ಸ್ಥಳ, ಫೋನ್ ನಂಬರ್ ಎಲ್ಲವನ್ನೂ ಅಕ್ಷರದಲ್ಲಿ ಬರೆಯಿರಿ. ಚಿತ್ರ ಜೊತೆಗಿರಲಿ.

ಕನ್ನಡದಲ್ಲಿ ಬರೆಯುವವರು ಇನ್ನೊಂದು ನೋಡಬೇಕು. "ನುಡಿ", "ಬರಹ" ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಮೇಲ್‌ಗೆ ಅಂಟಿಸಿದರೆ, ಓದುವವರ ಫೋನ್‌ನಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಅಂಥ ಮೇಲನ್ನು ಯಾರಾದರೂ ಸ್ಪ್ಯಾಮ್ ಅಂತಲೇ ಒತ್ತುತ್ತಾರೆ, ಅವರ ತಪ್ಪೂ ಅಲ್ಲ. ಯಾವ ಫೋನಿನಲ್ಲೂ ಕನ್ನಡವಾಗಿಯೇ ಕಾಣುವ ಯುನಿಕೋಡ್‌ನಲ್ಲೇ ಬರೆಯಿರಿ. ಡಿಟಿಪಿ ಅಂಗಡಿಯವರು ಆಸ್ಕಿಯಲ್ಲಿ ಕೊಟ್ಟಿದ್ದರೆ ಯುನಿಕೋಡ್‌ಗೆ ಬದಲಿಸಿ ಕೊಡಲು ಹೇಳಿ. ಪರೀಕ್ಷೆ ಸುಲಭ: ಆ ಬರಹವನ್ನು ವಾಟ್ಸಾಪ್‌ನಲ್ಲಿ ನಿಮಗೇ ಕಳಿಸಿಕೊಳ್ಳಿ. ಅಲ್ಲಿ ಕನ್ನಡ ಕಂಡರೆ ಮೇಲ್‌ನಲ್ಲೂ ಕಾಣುತ್ತದೆ.

ಕನ್ನಡದ ಒಂದೊಂದು ಅಕ್ಷರ ಭಾಗಕ್ಕೂ ಕಂಪ್ಯೂಟರಿನಲ್ಲಿ ಮೂರು ಬೈಟ್ ಜಾಗ ಬೇಕು, ಇಂಗ್ಲಿಷ್‌ಗೆ ಒಂದೇ ಸಾಕು. ಮೇಲ್‌ನ ಬರಹ ಮತ್ತು ಅದರ ಹಿಂದಿನ ಕೋಡ್ ಸೇರಿ ಸುಮಾರು 102 ಕೆ.ಬಿ. ದಾಟಿದರೆ ಜಿಮೇಲ್ ಕೆಳಗಿನ ಭಾಗವನ್ನು ಕತ್ತರಿಸಿ ತೋರಿಸುತ್ತದೆ. ಕತ್ತರಿಗೆ ಮೊದಲು ಸಿಗುವುದು ಕೊನೆಯಲ್ಲಿರುವ "ಪಟ್ಟಿಯಿಂದ ತೆಗೆಯಿರಿ" ಅನ್ನುವ ಸಾಲು. ಅದಕ್ಕೇ ಚಿಕ್ಕದಾಗಿ ಬರೆಯಿರಿ.

ಉಳಿದವು ಬೇಗ ಹೇಳುತ್ತೇನೆ. ವಿಷಯದ ಸಾಲಿನಲ್ಲಿ ಒಳಗೆ ಇರುವುದನ್ನೇ ಹೇಳಿ: "ಜೂನ್ ತಿಂಗಳ ಜೀನ್ಸ್ ದರಪಟ್ಟಿ" ಅಂದರೆ ಸಾಕು. ಆಶ್ಚರ್ಯಸೂಚಕ ಚಿಹ್ನೆಗಳ ಸಾಲು ಬೇಡ. ಹಿಂದೆ ಮಾತಾಡಿದ ಹಾಗೆ ತೋರಿಸಲು "ರೀ:" ಅಂತ ಶುರು ಮಾಡಬೇಡಿ, ಅದು ಸುಳ್ಳು. ಕೊಂಡಿಗಳನ್ನು ಚಿಕ್ಕದು ಮಾಡುವ ಸೇವೆ ಬಳಸಬೇಡಿ, ಮೋಸಗಾರರು ಅದರ ಹಿಂದೆ ಅಡಗುವುದರಿಂದ ಅದಕ್ಕೆ ಹೆಸರು ಕೆಟ್ಟಿದೆ. ಪಿಡಿಎಫ್ ಲಗತ್ತಿಸುವ ಬದಲು ನಿಮ್ಮ ಡೊಮೇನ್‌ನಲ್ಲೇ ಇಟ್ಟು ಕೊಂಡಿ ಕೊಡಿ. ಉತ್ತರ ಬರೆದರೆ ಯಾರೋ ಒಬ್ಬರು ಓದುವಂಥ ವಿಳಾಸದಿಂದಲೇ ಕಳಿಸಿ. ಕೆಳಗೆ ಅಂಗಡಿಯ ಪೂರ್ತಿ ಅಂಚೆ ವಿಳಾಸ ಹಾಕಿ. ಅಮೆರಿಕದಲ್ಲಿ ಗಿರಾಕಿಗಳಿದ್ದರೆ ಅಲ್ಲಿನ 2003ರ ಕ್ಯಾನ್-ಸ್ಪ್ಯಾಮ್ ಕಾನೂನಿನ ಪ್ರಕಾರ ಅದು ಕಡ್ಡಾಯ. ಈ ಮೇಲ್ ಅವರಿಗೆ ಯಾಕೆ ಬರುತ್ತಿದೆ ಅನ್ನುವುದನ್ನೂ ಒಂದು ಸಾಲಿನಲ್ಲಿ ಹೇಳಿ: "ಕಳೆದ ಯುಗಾದಿಗೆ ನಮ್ಮ ಮಳಿಗೆಗೆ ಬಂದಾಗ ನೀವು ವಿಳಾಸ ಕೊಟ್ಟಿದ್ದಿರಿ."

6. ಬಿಟ್ಟುಹೋಗುವ ಬಾಗಿಲು ತೆರೆದಿಡಿ

ಬೇಡ ಅನ್ನುವವರಿಗೆ ಎರಡು ದಾರಿ ಇದೆ. "ಅನ್‌ಸಬ್‌ಸ್ಕ್ರೈಬ್" ಒತ್ತುವುದು, ಇಲ್ಲವೇ "ಸ್ಪ್ಯಾಮ್" ಒತ್ತುವುದು. ಮೊದಲನೆಯದು ಕಾಣದಿದ್ದರೆ ಎರಡನೆಯದನ್ನು ಒತ್ತುತ್ತಾರೆ. ಅನ್‌ಸಬ್‌ಸ್ಕ್ರೈಬ್‌ನಿಂದ ನಿಮಗೆ ಹೋಗುವುದು ಒಂದು ವಿಳಾಸ. ಸ್ಪ್ಯಾಮ್ ಒತ್ತಿದರೆ ಮಿಕ್ಕವರಿಗೆ ಹೋಗುವ ಮೇಲ್‌ಗೂ ಪೆಟ್ಟು.

ಹಾಗಾಗಿ ಆ ಕೊಂಡಿ ದೊಡ್ಡದಾಗಿ, ಕನ್ನಡದಲ್ಲಿ, ಕಣ್ಣಿಗೆ ಕಾಣುವ ಬಣ್ಣದಲ್ಲಿ ಇರಲಿ. ಒಂದು ಸಲ ಒತ್ತಿದರೆ ಮುಗಿಯಬೇಕು. ಲಾಗಿನ್ ಆಗಿ, ಕಾರಣ ಬರೆಯಿರಿ ಅಂತ ಸತಾಯಿಸಬೇಡಿ. ದೊಡ್ಡ ಪ್ರಮಾಣದಲ್ಲಿ ಪ್ರಚಾರದ ಮೇಲ್ ಕಳಿಸುವವರು ಒಂದೇ ಒತ್ತಿನ ಅನ್‌ಸಬ್‌ಸ್ಕ್ರೈಬ್ ಇಡಲೇಬೇಕು, ಎರಡು ದಿನದೊಳಗೆ ಹೆಸರು ತೆಗೆಯಬೇಕು ಅನ್ನುವುದು ಜಿಮೇಲ್‌ನ ನಿಯಮ. ಮೇಲೆ ಹೇಳಿದಂಥ ಸೇವೆಗಳಲ್ಲಿ ಇದರ ಸೌಲಭ್ಯ ಇರುತ್ತದೆ, ಆಫ್ ಆಗಿಲ್ಲ ಅಂತ ಮಾತ್ರ ನೋಡಿ. ಇನ್ನು, "ಸಾರ್, ಇದು ಕಳಿಸಬೇಡಿ" ಅಂತ ಉತ್ತರ ಬರೆದವರನ್ನೂ, ಫೋನಿನಲ್ಲಿ ಹೇಳಿದವರನ್ನೂ ಅವತ್ತೇ ತೆಗೆಯಿರಿ. ತೆಗೆದವರ ಹೆಸರನ್ನು ಬೇರೆ ಹಾಳೆಯಲ್ಲಿ ಉಳಿಸಿಕೊಳ್ಳಿ. ಇಲ್ಲದಿದ್ದರೆ ಮುಂದಿನ ಸಲ ಹಳೆಯ ಎಕ್ಸೆಲ್ ಹಾಕಿದಾಗ ಅವರು ಮತ್ತೆ ಬಂದು ಕೂರುತ್ತಾರೆ.

7. ನಿಧಾನವಾಗಿ ಶುರು ಮಾಡಿ

ಹೊಸ ಡೊಮೇನ್‌ನಿಂದ ಮೊದಲ ದಿನವೇ 3000 ಮೇಲ್ ಹೋದರೆ ಯಾರಿಗಾದರೂ ಅನುಮಾನ ಬರುತ್ತದೆ. ನಾನು ಮಾಡಿಸುವುದು ಹೀಗೆ: ಮೊದಲ ದಿನ, ಖಂಡಿತ ಓದುವ 50 ಜನರಿಗೆ. ಎರಡು ದಿನ ಬಿಟ್ಟು 100, ಆಮೇಲೆ 200. ತೊಂದರೆ ಕಾಣದಿದ್ದರೆ ಹೀಗೇ ಇಮ್ಮಡಿ ಮಾಡುತ್ತಾ ಮೂರು ವಾರದಲ್ಲಿ ಪೂರ್ತಿ ಪಟ್ಟಿಗೆ ಬನ್ನಿ. ಮೊದಲ 50 ಜನರನ್ನು ಉತ್ತರ ಬರೆಯಲು ಕೇಳಿಕೊಳ್ಳಿ. ಉತ್ತರ ಬಂದರೆ ಇದು ಬೇಕಾದ ಮೇಲ್ ಅನ್ನುವುದಕ್ಕೆ ಒಳ್ಳೆಯ ಗುರುತು. ಆಮೇಲೆಯೂ ಒಂದು ಲಯದಲ್ಲಿ ಕಳಿಸಿ. ಆರು ತಿಂಗಳು ಸುಮ್ಮನಿದ್ದು ದೀಪಾವಳಿಗೆ ಒಂದೇ ವಾರದಲ್ಲಿ ಐದು ಮೇಲ್ ಕಳಿಸಿದರೆ ಜನ ನಿಮ್ಮನ್ನು ಮರೆತಿರುತ್ತಾರೆ.

8. ಕಳಿಸಿದ ಮೇಲೆ ಲೆಕ್ಕ ನೋಡಿ

ಎರಡು ಅಂಕಿ ಸಾಕು. ಒಂದು ಬೌನ್ಸ್, ಅಂದರೆ ತಲುಪದೆ ವಾಪಸ್ ಬಂದ ಮೇಲ್. ವಾಪಸ್ ಬಂದ ಸಂದೇಶದ ಕೋಡ್ 5ರಿಂದ ಶುರುವಾದರೆ ಅದು ಹಾರ್ಡ್ ಬೌನ್ಸ್. ಉದಾಹರಣೆಗೆ 550 5.1.1 ಅಂದರೆ ಆ ವಿಳಾಸವೇ ಇಲ್ಲ, ತಕ್ಷಣ ಅಳಿಸಿ. 4ರಿಂದ ಶುರುವಾದರೆ ಸಾಫ್ಟ್ ಬೌನ್ಸ್, ತಾತ್ಕಾಲಿಕ ತೊಂದರೆ. ಮೂರು-ನಾಲ್ಕು ಸಲ ಹಾಗೇ ಆದರೆ ಅದನ್ನೂ ತೆಗೆಯಿರಿ.

ಎರಡನೆಯದು ದೂರು. ಗೂಗಲ್‌ನ ಪೋಸ್ಟ್‌ಮಾಸ್ಟರ್ ಟೂಲ್ಸ್ ಅನ್ನುವ ಉಚಿತ ಸೌಲಭ್ಯದಲ್ಲಿ ನಿಮ್ಮ ಡೊಮೇನ್ ಸೇರಿಸಿದರೆ, ಎಷ್ಟು ಜನ ಸ್ಪ್ಯಾಮ್ ಒತ್ತಿದರು ಅಂತ ತೋರಿಸುತ್ತದೆ. ಅದು ಶೇ 0.1ಕ್ಕಿಂತ ಕಡಿಮೆ ಇರಬೇಕು, ಶೇ 0.3 ಮುಟ್ಟಲೇಬಾರದು. ಅಂದರೆ 1000 ಮೇಲ್‌ಗೆ ಮೂರು ದೂರು ಬಂದರೂ ಗೆರೆ ಮುಟ್ಟಿದ ಹಾಗೆ. ಕಳಿಸುವ ಸಂಖ್ಯೆ ತೀರಾ ಕಡಿಮೆ ಇದ್ದರೆ ಅಲ್ಲಿ ಅಂಕಿ ಕಾಣುವುದಿಲ್ಲ. ಆಗ ಅನ್‌ಸಬ್‌ಸ್ಕ್ರೈಬ್ ಆದವರ ಸಂಖ್ಯೆ ನೋಡುತ್ತಾ ಇರಿ, ಅದು ದಿಢೀರ್ ಅಂತ ಏರಿದರೆ ಅದೇ ಎಚ್ಚರಿಕೆ.

9. ಈಗಾಗಲೇ ಸ್ಪ್ಯಾಮ್‌ಗೆ ಬಿದ್ದಿದ್ದರೆ

ಮೊದಲು ಪ್ರಚಾರದ ಮೇಲ್ ಪೂರ್ತಿ ನಿಲ್ಲಿಸಿ. ಹೊಸ ಡೊಮೇನ್ ಕೊಂಡು ಅದೇ ಪಟ್ಟಿಗೆ ಮತ್ತೆ ಕಳಿಸುವ ಆಲೋಚನೆ ಬರುತ್ತದೆ, ಮಾಡಬೇಡಿ. ಸ್ಪ್ಯಾಮ್ ಕಳಿಸುವವರು ಮಾಡುವುದೂ ಅದನ್ನೇ. ಸ್ಪ್ಯಾಮ್‌ಹೌಸ್‌ನ ತಾಣದಲ್ಲಿ ನಿಮ್ಮ ಡೊಮೇನ್ ಹೆಸರು ಹಾಕಿ ನೋಡಿ. ಪಟ್ಟಿಯಲ್ಲಿದ್ದರೆ ಕಾರಣ ಸರಿಪಡಿಸಿದ ಮೇಲೆ ಅಲ್ಲೇ ತೆಗೆಯಲು ಕೇಳಿಕೊಳ್ಳಿ. ಸರಿಪಡಿಸದೆ ಕೇಳಿದರೆ ಮತ್ತೆ ಸೇರುತ್ತೀರಿ. ತೆಗೆದುಕೊಡುತ್ತೇವೆ ಅಂತ ದುಡ್ಡು ಕೇಳುವ ಮಧ್ಯವರ್ತಿಗಳ ಕೈಗೆ ಸಿಗಬೇಡಿ.

ಆಮೇಲೆ 4ನೇ ಹಂತದ ಮೂರು ದಾಖಲೆಗಳನ್ನು ಮತ್ತೆ ಪರೀಕ್ಷಿಸಿ. ಕಳೆದ ಮೂರು ತಿಂಗಳಲ್ಲಿ ನಿಮಗೆ ಉತ್ತರ ಬರೆದವರನ್ನೋ ಮಾಲು ಕೊಂಡವರನ್ನೋ ಮಾತ್ರ ಆರಿಸಿ, ಬೇರೆ ಹಾಳೆ ಮಾಡಿ. ಅವರಿಗೆ ಫೋನ್ ಮಾಡಿ, ಸ್ಪ್ಯಾಮ್ ಫೋಲ್ಡರ್ ತೆರೆದು "ನಾಟ್ ಸ್ಪ್ಯಾಮ್" ಒತ್ತಲು, ನಿಮ್ಮ ವಿಳಾಸವನ್ನು ಕಾಂಟ್ಯಾಕ್ಟ್ಸ್‌ಗೆ ಸೇರಿಸಲು ಕೇಳಿ. ಆ ಚಿಕ್ಕ ಹಾಳೆಯಿಂದ, 7ನೇ ಹಂತದ ಹಾಗೆ, 50 ಜನರಿಂದ ಮತ್ತೆ ಶುರು ಮಾಡಿ. ಪೂರ್ತಿ ಚೇತರಿಸಿಕೊಳ್ಳಲು ಕೆಲವು ವಾರ ಬೇಕು. ಅಷ್ಟು ದಿನ ದರಪಟ್ಟಿ ಅರ್ಜೆಂಟ್ ಇದ್ದರೆ ವಾಟ್ಸಾಪ್‌ನಲ್ಲೋ ಅಂಚೆಯಲ್ಲೋ ಕಳಿಸಿ.